ದೇವರು ಕೊಟ್ಟ ಮೆಷಿನ್ನಿಗೊಂದು ಚೀಟಿ

ಚೀಟಿ ಸಾಹೇಬರನ್ನು ಮೊದಲ ಸಲ ಕಂಡಾಗ ನಾನು ಅವರನ್ನು ಮಫ್ತಿಯಲ್ಲಿರುವ ಪೊಲೀಸರು ಅಂದುಕೊಂಡಿದ್ದೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಅಜ್ಜಿಯೊಬ್ಬಳು ಕೊಡೆ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಇವರು ಆಕೆಯ ಎದುರು ಕೈಕಟ್ಟಿ ನಿಂತು, "ಈ ಕೊಡೆ ನಿಮ್ಮದೇನಾ? ಹಾಗಾದ್ರೆ ಕಣ್ಮುಚ್ಚಿಕೊಂಡು ಹೇಳಿ, ಎಷ್ಟು ಕಡ್ಡಿ ಇದೆ?" ಎಂದು ವಿಚಾರಣೆ ನಡೆಸಿದ್ದರು. ನಾನು ನನ್ನ ಕೈಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ. (ಚೀಲ ನನ್ನದೇ. ಆದರೆ ಆ ನೋಟ ಬಿದ್ದರೆ ಮನುಷ್ಯನಿಗೆ ತನ್ನ ಮೂಗೂ ತನ್ನದೇ ಹೌದೋ ಅಲ್ಲವೋ ಎಂಬ ಅನುಮಾನ ಹುಟ್ಟುತ್ತದೆ.)

ಆಮೇಲೆ ತಿಳಿಯಿತು, ಅವರು ಪೊಲೀಸರಲ್ಲ. ಬಸ್ ಡಿಪೋದ ಹಿಂಭಾಗದಲ್ಲಿ ಕಳೆದ ಸಾಮಾನಿನ ಕೊಠಡಿ ಅಂತ ಒಂದಿದೆ. ಜನ ಬಸ್ಸಿನಲ್ಲಿ ಮರೆತು ಇಳಿದದ್ದೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಇಪ್ಪತ್ತೆರಡು ವರ್ಷದಿಂದ ಸಾಹೇಬರು ಅದರ ಏಕಮೇವಾದ್ವಿತೀಯ ಅಧಿಪತಿ. ಬಂದ ಪ್ರತಿ ಸಾಮಾನಿಗೂ ಒಂದು ಹಳದಿ ಚೀಟಿ ಕಟ್ಟುವುದು ಅವರ ಕೆಲಸ: ಸಿಕ್ಕ ಸ್ಥಳ, ಸಿಕ್ಕವರು, ಹೇಗೆ ಬಂತು. ತೊಂಬತ್ತು ದಿನ ಕಾಯುವುದು. ಅಷ್ಟರಲ್ಲಿ ವಾರಸುದಾರ ಬಂದು, ಅದು ತನ್ನದೇ ಎಂದು ರುಜುವಾತು ಮಾಡಿದರೆ ಕೊಡುವುದು. ಕೊಡೆಯವರಿಗೆ ಕಡ್ಡಿ ಎಣಿಕೆ, ಚಪ್ಪಲಿಯವರಿಗೆ ಹಿಮ್ಮಡಿ ಸವೆತ, ಟೋಪಿಯವರಿಗೆ ತಲೆಯ ಸುತ್ತಳತೆ. ಒಮ್ಮೆ ಹಲ್ಲಿನ ಸೆಟ್ಟು ಕಳೆದುಕೊಂಡಿದ್ದ ಹಿರಿಯರೊಬ್ಬರಿಗೆ ಅದನ್ನು ಹಾಕಿಸಿ, ಎಲ್ಲರೆದುರು ಗಟ್ಟಿ ಬಿಸ್ಕತ್ತು ಕಡಿಸಿ, ಕಡಿತದ ಗುರುತನ್ನು ಭೂತಗನ್ನಡಿಯಲ್ಲಿ ನೋಡಿದ ಮೇಲಷ್ಟೇ ರುಜು ಹಾಕಿಸಿಕೊಂಡಿದ್ದರು. ಜನರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ಕಳೆದುಕೊಂಡದ್ದು ನೆನಪಿರುತ್ತಿತ್ತು. ಹಾಗಾಗಿ ಆ ಹಿರಿಯರು 'ಹಲ್ಸೆಟ್ ಅಜ್ಜ', ಬೆಂಚಿನ ಮುದುಕಿ 'ಕೊಡೆ ಅಜ್ಜಿ', ಮತ್ತೊಬ್ಬ 'ಎಡಗಾಲಿನ ಬೂಟು'. ಇಷ್ಟು ವರ್ಷದಲ್ಲಿ ಒಂದು ಗುಂಡುಸೂಜಿಯೂ ಆ ಕೊಠಡಿಯಿಂದ ತಪ್ಪು ಕೈಗೆ ಹೋಗಿಲ್ಲ ಎಂಬುದು ಅವರ ಹೆಮ್ಮೆ.

ಇಂಥವರಿಗೆ ಎಂಥ ಹೆಂಡತಿ ಸಿಕ್ಕಿದ್ದಳು ಅಂದರೆ, ಆಕೆ ಯಾರಿಂದ ಏನು ಬಂದರೂ ಚೀಟಿ ನೋಡುವವಳಲ್ಲ.

"ಬಕೆಟ್ಟು ಒಡೀತು, ಹೊಸದು ತರೋಣ," ಎಂದು ಸಾಹೇಬರು ಹೇಳುವ ಮೊದಲೇ (ಹೇಳಲು ಅವರಿಗೆ ಸಾಮಾನ್ಯವಾಗಿ ಎರಡು ತಿಂಗಳು ಹಿಡಿಯುತ್ತಿತ್ತು) ಮನೆಯಲ್ಲಿ ಹೊಸ ಬಕೆಟ್ಟು ಇರುತ್ತಿತ್ತು.

"ಎಲ್ಲಿಂದ ಬಂತೇ ಇದು?"

"ದೇವರು ಕೊಟ್ಟ."

"ದೇವರು ಕೊಟ್ಟ ಅಂದ್ರೆ? ಯಾವ ಅಂಗಡಿಯಿಂದ?"

"ಬಾಗಿಲು ತೆಗೆದೆ, ಮೆಟ್ಟಿಲ ಮೇಲಿತ್ತು. ಹುಟ್ಟಿಸಿದವನು ಹುಲ್ಲು ಮೇಯಿಸ್ತಾನೇನ್ರೀ?"

"ಹುಲ್ಲು ಬೇರೆ, ಬಕೆಟ್ಟು ಬೇರೆ! ಹುಲ್ಲು ತಾನಾಗಿ ಬೆಳೆಯುತ್ತೆ. ಬಕೆಟ್ಟಿಗೆ ಒಬ್ಬ ಯಜಮಾನ ಇರ್ತಾನೆ. ಈಗ ಅವನು ಎಲ್ಲೋ ಬಕೆಟ್ಟಿಲ್ಲದೆ ಒದ್ದೆ ಮೈಯಲ್ಲಿ ನಿಂತಿದ್ದಾನೆ!"

"ಬಕೆಟ್ಟಿಲ್ದೆ ಮೈ ಹೇಗ್ರೀ ಒದ್ದೆಯಾಗುತ್ತೆ?"

ಈ ಪ್ರಶ್ನೆಗೆ ಇಲಾಖೆಯ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ಸಾಹೇಬರು ಜೇಬಿನಿಂದ ಹಳದಿ ಚೀಟಿ ತೆಗೆದು ಬರೆದರು: 'ಸಿಕ್ಕ ಸ್ಥಳ: ಮೆಟ್ಟಿಲು. ತಂದವರು: ದೇವರು (ಎಂದು ಹೇಳಿಕೆ).' ಬಕೆಟ್ಟಿನ ಹಿಡಿಕೆಗೆ ಕಟ್ಟಿದರು. ತೊಂಬತ್ತು ದಿನ ತಾವು ಮಾತ್ರ ಒಡೆದ ಬಕೆಟ್ಟಿನಲ್ಲೇ, ಬಿರುಕಿಗೆ ಹೆಬ್ಬೆರಳು ಒತ್ತಿಕೊಂಡು, ಒಂದೇ ಕೈಯಲ್ಲಿ ಸ್ನಾನ ಮಾಡಿದರು.

ಬಕೆಟ್ಟಾದ ಮೇಲೆ ಬಚ್ಚಲಿನ ಬಲ್ಬು ಬಂತು. ಅದಾದ ಮೇಲೆ ಕಿಟಕಿಯ ಚಿಲಕ. ನಾಲ್ಕನೆಯದಾಗಿ ಒಂದು ಕುರ್ಚಿ, ಅದೂ ಕೈಯಿರುವ ಕುರ್ಚಿ. ಸಾಹೇಬರು ಕುರ್ಚಿಗೆ ಚೀಟಿ ಕಟ್ಟಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತು ಊಟ ಮಾಡಿದರು. ಹೆಂಡತಿ ಕುರ್ಚಿಯ ಮೇಲೆ ಆರಾಮಾಗಿ ಕೂತು ಬಡಿಸಿದಳು.

"ನೀನು ಏನು ಮಾಡ್ತೀಯ ಹೇಳು," ಎಂದರು ಒಂದು ದಿನ, ತಟ್ಟೆಯಿಂದ ಕಣ್ಣೆತ್ತದೆ. "ಬೇಕು ಅನ್ನಿಸಿದ ತಕ್ಷಣ ಬರೋದಕ್ಕೆ ಏನು ಮಾಡ್ತೀಯ?"

"ಹೇಳ್ತೀನಿ."

"ಯಾರಿಗೆ?"

"ದೇವರಿಗೆ. ಇನ್ಯಾರಿಗೆ ಹೇಳಲಿ, ನಿಮಗಾ?"

ಸಾಹೇಬರು ಎತ್ತಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಅವರ ತಲೆಯಲ್ಲಿ ತನಿಖೆಯ ಚಕ್ರ ಗಿರಗಿರ ತಿರುಗತೊಡಗಿತ್ತು. ದೇವರು ಇದ್ದಾನೆ, ಒಪ್ಪೋಣ. ದಯಾಮಯ, ಅದನ್ನೂ ಒಪ್ಪೋಣ. ಆದರೆ ನಮ್ಮ ಕಿಟಕಿಯ ಚಿಲಕ ನಾಲ್ಕು ಇಂಚಿನದು ಅಂತ ಅವನಿಗೆ ಹೇಗೆ ಗೊತ್ತು? ಅಳತೆ ತಗೊಂಡವರು ಯಾರು? ಇದರ ಹಿಂದೆ ಮನುಷ್ಯನ ಕೈ ಇದೆ. ಮನುಷ್ಯ ಸುಮ್ಮನೆ ಏನೂ ಕೊಡುವುದಿಲ್ಲ.

ಎರಡು ದಿನ ಯೋಚಿಸಿದ ಮೇಲೆ ಮಿಂಚು ಹೊಡೆದಂತೆ ಹೊಳೆಯಿತು. ಗಡಿಯಾರ! ಕೊಠಡಿಯ ಬೀರುವಿನಲ್ಲಿ ತಿಂಗಳಿಂದ ಒಂದು ಚಿನ್ನದ ಬಣ್ಣದ ಕೈಗಡಿಯಾರ ವಾರಸುದಾರನಿಲ್ಲದೆ ಕೂತಿತ್ತು. ಯಾರೋ ಖದೀಮ ಅದರ ಮೇಲೆ ಕಣ್ಣಿಟ್ಟಿದ್ದಾನೆ. ಸಾಹೇಬರನ್ನು ನೇರವಾಗಿ ಕೊಳ್ಳಲಾಗದು ಅಂತ ಗೊತ್ತಿರುವುದರಿಂದ ಹಿಂಬಾಗಿಲಿನಿಂದ ಬರುತ್ತಿದ್ದಾನೆ. ಇವತ್ತು ಬಕೆಟ್ಟು, ನಾಳೆ ಕುರ್ಚಿ, ಒಂದು ದಿನ ಕೌಂಟರಿಗೆ ಬಂದು, "ಸಾರ್, ಕುರ್ಚಿ ಚೆನ್ನಾಗಿದೆಯಾ?" ಎಂದು ಕಣ್ಣು ಮಿಟುಕಿಸುತ್ತಾನೆ. ಇಪ್ಪತ್ತೆರಡು ವರ್ಷದ ಹೆಸರು ಕುರ್ಚಿಯ ಕಾಲಡಿ ಹೋಗುತ್ತದೆ!

ಅಂದಿನಿಂದ ಕೌಂಟರಿನಲ್ಲಿ ನಗುವವರೆಲ್ಲ ಅವರಿಗೆ ಆರೋಪಿಗಳಾದರು. "ನಮಸ್ಕಾರ ಸಾರ್, ಮನೇಲೆಲ್ಲ ಆರಾಮಾ?" ಎಂದವರನ್ನು, "ಮನೆ ವಿಷಯ ನಿಮಗ್ಯಾಕ್ರೀ?" ಎಂದು ಹಿಡಿದು ನಿಲ್ಲಿಸಿದರು.

ಇದೇ ಸಮಯದಲ್ಲಿ ಹೆಂಡತಿಗೆ ಬದುಕಿನಲ್ಲಿ ಮೊದಲ ಸಲ ಒಂದು ಸ್ವಂತ ಕೆಲಸ ಸಿಕ್ಕಿತು. ತಿರುವಿನ ಬೇಕರಿಯವರು ಇನ್ನೊಂದು ಅಂಗಡಿ ತೆರೆಯುವವರಿದ್ದರು. ಕೆಲಸಗಾರರಿಗೆ ನಲವತ್ತು ಏಪ್ರನ್ ಬೇಕು, ಶುಕ್ರವಾರ ಸಂಜೆ ಐದಕ್ಕೆ ಗಾಡಿ ಕಳಿಸುತ್ತೇವೆ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಮುಂದಿನ ಹೊಲಿಗೆಯೆಲ್ಲ ನಿಮಗೇ ಅಂದರು. ಆಕೆ ಹೂಂ ಅಂದುಬಿಟ್ಟಳು. ಎದುರುಮನೆಯಾಕೆಯ ಮೆಷಿನ್ನಿನಲ್ಲಿ ಹೊಲಿದುಕೊಡುವ ಲೆಕ್ಕಾಚಾರ ಅವಳದು. ಆದರೆ ಎದುರುಮನೆಯವರು ಅದೇ ವಾರ ಗಂಟುಮೂಟೆ ಕಟ್ಟಿ, ಮೆಷಿನ್ನನ್ನೂ ಕಟ್ಟಿ, ಮನೆ ಖಾಲಿ ಮಾಡಿದರು.

"ಈಗೇನು ಮಾಡ್ತೀಯ?" ಎಂದರು ಸಾಹೇಬರು. "ಕೈಯಲ್ಲಿ ಹೊಲಿದ್ರೆ ಮುಂದಿನ ವರ್ಷಕ್ಕೆ ಆಗುತ್ತೆ. ಆಗಲ್ಲ ಅಂತ ಹೇಳಿ ಬಟ್ಟೆ ವಾಪಸ್ ಕೊಡು."

"ಮಾತು ಕೊಟ್ಟಾಗಿದೆ. ಮೆಷಿನ್ನು ಬರುತ್ತೆ."

"ದೇವರು ಕಾಲಲ್ಲಿ ತುಳೀತಾ ತರ್ತಾನೇನು?"

"ಹೇಗೆ ತರ್ತಾನೋ ಅವನ ಕಷ್ಟ. ನಾನು ಹೇಳಿದೀನಿ."

ಸೋಮವಾರ ಸಂಜೆ ಸಾಹೇಬರು ಮನೆಗೆ ಬಂದಾಗ ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮೆಷಿನ್ನೊಂದು ನಿಂತಿತ್ತು. ಹಳೆಯದು, ಕಪ್ಪನೆಯದು, ಎಣ್ಣೆ ಒರೆಸಿ ಫಳಫಳ ಮಾಡಿದ್ದು. ಹೆಂಡತಿ ಆಗಲೇ ಮೂರನೇ ಏಪ್ರನ್ನಿನ ಅಂಚು ಹೊಲಿಯುತ್ತಿದ್ದಳು. ಅವಳ ಮುಖದಲ್ಲಿ ಎಂಥ ಬೆಳಕಿತ್ತು ಅಂದರೆ, ಬೇರೆ ಗಂಡನಾಗಿದ್ದರೆ ಅದನ್ನು ನೋಡುತ್ತ ನಿಲ್ಲುತ್ತಿದ್ದ. ಸಾಹೇಬರು ಬಗ್ಗಿ ಮೆಷಿನ್ನಿನ ಅಡಿಭಾಗ ನೋಡಿದರು.

"ಬಕೆಟ್ಟು ನುಂಗಿದೆ, ಕುರ್ಚಿ ನುಂಗಿದೆ. ಇದನ್ನ ನುಂಗೋಕಾಗಲ್ಲ ಕಣೇ! ಇಷ್ಟು ದೊಡ್ಡದು ಕೊಟ್ಟವನು ಎಷ್ಟು ದೊಡ್ಡದು ಕೇಳ್ತಾನೆ, ಯೋಚನೆ ಮಾಡಿದ್ದೀಯಾ?"

"ರೀ, ಕಾಲು ತೆಗೀರಿ. ಬಟ್ಟೆ ಮೇಲೆ ನಿಂತಿದ್ದೀರಿ."

ಬುಧವಾರ ಬೆಳಿಗ್ಗೆ ಹೆಂಡತಿ ಮುಗಿದ ಒಂಬತ್ತು ಏಪ್ರನ್ ಹಿಡಿದು ಬೇಕರಿಗೆ ಅಳತೆ ತೋರಿಸಲು ಹೋದಳು. ಸಾಹೇಬರು ಇದೇ ಸಮಯವೆಂದು ಬಾಡಿಗೆಗೆ ಒಂದು ಕೈಗಾಡಿ ತಂದರು. ಮನಸ್ಸು ಒಂದು ಕ್ಷಣ ಹಿಂಜರಿಯಿತು, ಸುಳ್ಳು ಹೇಳಬಾರದು. ಆದರೆ ಕರ್ತವ್ಯ ಕೆಮ್ಮಿತು. ಯಾರದೋ ಸೊತ್ತು, ಕೊಠಡಿಯಲ್ಲಿ ದಾಖಲಾದರೆ ಕಳ್ಳನಿಗೂ ದಾರಿಯಿಲ್ಲ, ಲಂಚದ ಮಾತಿಗೂ ಆಸ್ಪದವಿಲ್ಲ. ಮೆಷಿನ್ನನ್ನು ಡಿಪೋಗೆ ತಳ್ಳಿಕೊಂಡು ಹೋದರು. ಇಲಾಖೆಯ ಕೊಠಡಿಯಲ್ಲಿ ಮೆಷಿನ್ನಿಗೆ ವಿಧಿವತ್ತಾಗಿ ಹಳದಿ ಚೀಟಿ ಕಟ್ಟಿದರು. ದೊಡ್ಡ ಪುಸ್ತಕದಲ್ಲಿ ದುಂಡಾದ ಅಕ್ಷರದಲ್ಲಿ ನಮೂದಿಸಿದರು.

ಸಂಜೆ ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಹೆಂಡತಿ ಖಾಲಿ ಜಾಗವನ್ನು ನೋಡಿದಳು, ಗಂಡನ ಮುಖ ನೋಡಿದಳು.

"ಎಲ್ಲಿ?"

"ಕೊಠಡಿಯಲ್ಲಿ. ಸುರಕ್ಷಿತವಾಗಿದೆ. ತೊಂಬತ್ತು ದಿನದಲ್ಲಿ ಯಾರೂ ಬರದಿದ್ರೆ..."

"ಮೂವತ್ತೊಂದು ಏಪ್ರನ್ ಬಾಕಿ ಇದೆ. ಎರಡು ದಿನ ಇದೆ."

ಅಷ್ಟೇ. ಆಕೆ ಒಳಗೆ ಹೋಗಿ ಕತ್ತರಿಸಿದ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿಟ್ಟಳು. ಮಡಿಸುವಾಗ ಮೂಗು ಒರೆಸಿಕೊಂಡ ಸದ್ದು ಕೇಳಿತು. ಸಾಹೇಬರಿಗೆ ಊಟ ರುಚಿಸಲಿಲ್ಲ. ಆದರೂ ನಿಯಮ ನಿಯಮವೇ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೊಠಡಿಯ ಕಿಟಕಿ ತೆರೆದು ಸಾಹೇಬರು, "ಮುಂದಿನವರು," ಎಂದರು. ತಲೆಯೆತ್ತಿದರೆ ಸ್ವಂತ ಹೆಂಡತಿ!

"ಏನು ಕಳೆದಿದೆ?" ಎಂದರು ಅಭ್ಯಾಸಬಲದಿಂದ.

"ಹೊಲಿಗೆ ಮೆಷಿನ್ನು."

ಸಾಲಿನಲ್ಲಿದ್ದ ಏಳೆಂಟು ಜನ ಕಿವಿ ನಿಮಿರಿಸಿದರು.

"ಮನೇಲಿ ಮಾತಾಡೋಣ ನಡಿ," ಎಂದರು ಸಾಹೇಬರು ಪಿಸುದನಿಯಲ್ಲಿ.

"ಮನೇಲಿ ಕೌಂಟರ್ ಇಲ್ಲ, ಸಾಲಿಲ್ಲ. ಇಲ್ಲೇ ನಿಂತು ಕೇಳಿದ್ರೆ ಕೊಡ್ತೀರಂತಲ್ಲ. ಕೇಳಿ, ಏನು ಕೇಳ್ಬೇಕೋ."

ಬೇರೆ ದಾರಿಯಿಲ್ಲ. ಸಾಹೇಬರು ಗಂಟಲು ಸರಿಮಾಡಿಕೊಂಡರು. "ಗುರುತು?"

"ಎಡಗಡೆ ಡ್ರಾಯರ್ ತೆಗೆದ್ರೆ ಕಿರುಗುಟ್ಟುತ್ತೆ. ಸೂಜಿ ಹತ್ತಿರ ಬಣ್ಣ ಹೆಬ್ಬೆರಳಷ್ಟು ಹೋಗಿದೆ."

"ಅದು ಬಳಸಿದವರಿಗೂ ಗೊತ್ತಾಗುತ್ತೆ. ಮಾಲೀಕತ್ವಕ್ಕೆ ರುಜುವಾತು?"

"ದೇವರು ಕೊಟ್ಟದ್ದು."

"ಹಾಗಾದ್ರೆ," ಎಂದರು ಸಾಹೇಬರು, ಬೆವರೊರೆಸಿಕೊಳ್ಳುತ್ತ, "ಮೊದಲ ಮಾಲೀಕರು ಖುದ್ದಾಗಿ ಹಾಜರಾಗಿ ರುಜು ಹಾಕ್ಬೇಕು."

ಸಾಲಿನ ಹಿಂದಿನಿಂದ ಕೋಲು ಟಕಟಕ ಬಡಿಯಿತು. "ಬಂದಿದೀನಪ್ಪ, ಬಂದಿದೀನಿ. ದಾರಿ ಬಿಡಿ," ಎನ್ನುತ್ತ ಒಬ್ಬರು ಮುಂದೆ ಬಂದರು. ಸಾಹೇಬರು ಹೆಸರು ನೆನಪಿಸಿಕೊಳ್ಳಬೇಕಾಗಿರಲಿಲ್ಲ. ನಕ್ಕ ಹಲ್ಲು ನೋಡಿದ ಕೂಡಲೇ ಗೊತ್ತಾಯಿತು: ಹಲ್ಸೆಟ್ ಅಜ್ಜ.

"ನೀವಾ? ಗಡಿಯಾರಕ್ಕೋಸ್ಕರ?"

"ಯಾವ ಗಡಿಯಾರ ಮಾರಾಯ? ಮೆಷಿನ್ನು ನಂದು. ನಲವತ್ತು ವರ್ಷ ಟೈಲರ್ ಕೆಲಸ ಮಾಡಿದೆ ಅದರಲ್ಲಿ. ಈಗ ಕಣ್ಣು ಮಂಜು, ಸುಮ್ನೆ ಮೂಲೇಲಿ ನಿಂತಿತ್ತು. ಕೊಟ್ಟೆ."

"ಇವಳಿಗೆ ಬೇಕು ಅಂತ ನಿಮಗೆ ಯಾರು ಹೇಳಿದ್ದು?"

ಸಾಲಿಗೆ ಸಾಲೇ ನಕ್ಕಿತು. "ಯಾರು ಹೇಳ್ಬೇಕು?" ಎಂದರು ಅಜ್ಜ. "ನಮ್ಮನೆ ನಿಮ್ಮ ಹಿತ್ತಲಿಗೆ ಹತ್ತಿಕೊಂಡೇ ಇದೆ. ಅಮ್ಮ ಬೆಳಿಗ್ಗೆ ಬಟ್ಟೆ ಒಣಗಿ ಹಾಕುವಾಗ ದೇವರ ಹತ್ರ ಮಾತಾಡ್ತಾರಲ್ಲ, ನಾಲ್ಕು ಬೀದಿಗೆ ಕೇಳಿಸುತ್ತೆ! 'ಏನಪ್ಪಾ ದೇವರೇ, ಚಿಲಕ ನಾಲ್ಕಿಂಚು, ಐದು ತಂದೀಯಾ, ಹಿಡಿಸಲ್ಲ' ಅಂತ. ಇವತ್ತು ಮೆಷಿನ್ನು ಕೊಠಡಿಗೆ ಹೋಯ್ತು ಅಂತ ಕೂಗಿದ್ರು, ಬೀದಿಯವರೆಲ್ಲ ಬಂದ್ವಿ."

ಸಾಹೇಬರು ಹೆಂಡತಿಯತ್ತ ತಿರುಗಿದರು. "ಕೂಗಿ ಹೇಳ್ತೀಯಾ?"

"ಅವನಿರೋದು ಅಷ್ಟು ದೂರ. ಪಿಸುಗುಟ್ಟಿದ್ರೆ ಕೇಳಿಸುತ್ತಾ?" ಎಂದಳು ಆಕೆ, ಯಾವ ಮುಜುಗರವೂ ಇಲ್ಲದೆ. ಎಂಟು ಗಂಟೆಗೆ ಮನೆ ಬಿಟ್ಟು ಆರಕ್ಕೆ ಮರಳುವ ಸಾಹೇಬರಿಗೆ ಮಾತ್ರ ಈ ಪ್ರಾರ್ಥನೆ ಒಂದು ದಿನವೂ ಕಿವಿಗೆ ಬಿದ್ದಿರಲಿಲ್ಲ.

"ಬಕೆಟ್ಟು ನಾನಿಟ್ಟಿದ್ದು," ಎಂದಳು ಕೊಡೆ ಅಜ್ಜಿ, ಸಾಲಿನ ಮಧ್ಯದಿಂದ.

"ಕುರ್ಚಿ ನಂದು," ಎಂದ ಎಡಗಾಲಿನ ಬೂಟು.

"ಬಾಯಿಬಿಟ್ಟು ಹೇಳ್ಬಾರದಿತ್ತೇನ್ರಯ್ಯ? ಕಳ್ಳರ ಹಾಗೆ ಮೆಟ್ಟಿಲ ಮೇಲೆ ಇಟ್ಟು ಓಡೋದು ಯಾಕೆ?"

"ಹೇಳಿದ್ರೆ ಚೀಟಿ ಕಟ್ತೀರಲ್ಲ ಸಾರ್!" ಎಂದ ಬೂಟು. "ಬೂಟು ಹುಡುಕಿ ಕೊಟ್ರಿ ಅಂತ ಖುಷಿಗೆ ಒಂದು ಡಜನ್ ಬಾಳೆಹಣ್ಣು ತಂದುಕೊಟ್ಟಿದ್ದೆ. ವಾರಸುದಾರರಿಲ್ಲದ ಹಣ್ಣು ಅಂತ ಬರೆದು ತೊಂಬತ್ತು ದಿನ ಬೀರುವಿನಲ್ಲಿಟ್ರಿ. ಆಮೇಲೆ ನನ್ನನ್ನೇ ಕರೆಸಿ, ಇದು ನಿಮ್ಮದೇನಾ ಗುರುತು ಹಿಡೀರಿ ಅಂದ್ರಿ. ಅದರಲ್ಲಿ ಗುರುತು ಹಿಡಿಯೋಕೆ ಏನು ಉಳಿದಿತ್ತು ಸಾರ್?"

ಗದ್ದಲ ಕೇಳಿ ಡಿಪೋ ಮ್ಯಾನೇಜರು ಬಂದರು. ವಿಷಯ ತಿಳಿದು, "ಸರಿ, ಮಾಲೀಕರು ಬಂದಿದ್ದಾರಲ್ಲ, ಕೊಟ್ಟುಬಿಡಿ," ಎಂದರು. ಸಾಹೇಬರು ಬಿಡುವವರೇ? ರುಜುವಾತು ಆಗಬೇಕು. ಹಲ್ಸೆಟ್ ಅಜ್ಜನನ್ನು ಮೆಷಿನ್ನಿನ ಎದುರು ಕೂರಿಸಿ, "ದಾರ ಪೋಣಿಸಿ," ಎಂದರು. ಮಂಜುಗಣ್ಣಿನ ಅಜ್ಜ ಸೂಜಿಯ ಕಡೆ ನೋಡಲೂ ಇಲ್ಲ. ಬೆರಳುಗಳು ಕಬ್ಬಿಣದ ಮೇಲೆ ತಾವಾಗಿ ನಡೆದವು. ದಾರ ಕೊಕ್ಕೆ ದಾಟಿ, ತಂತಿ ದಾಟಿ, ಸೂಜಿಯ ಕಣ್ಣಿಗೆ ಬಂದು ನುಗ್ಗಿತು. ಜನ ಚಪ್ಪಾಳೆ ತಟ್ಟಿದರು. ಸಾಹೇಬರೂ ತಟ್ಟುವವರಿದ್ದರು, ಕೈಯಲ್ಲಿ ಪೆನ್ನಿತ್ತು.

"ರುಜು ಹಾಕಿಸೋಣ, ಪುಸ್ತಕ ಕೊಡಿ," ಎಂದು ಮ್ಯಾನೇಜರು ದೊಡ್ಡ ಪುಸ್ತಕ ಎಳೆದುಕೊಂಡರು. ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ಏರಿಸಿದರು.

"ಸಿಕ್ಕ ಸ್ಥಳ: ಮನೆ. ಯಾರ ಮನೆ?"

"ನಮ್ಮದೇ ಸಾರ್."

"ಸಿಕ್ಕವರು: ನೀವು. ಆಗ ಅಲ್ಲಿ ಯಾರಿದ್ರು?"

"ಯಾರೂ ಇರಲಿಲ್ಲ. ಅದಕ್ಕೇ ಆ ಸಮಯ ನೋಡಿಕೊಂಡು..."

"ಬಳಸ್ತಿದ್ದವರಿಗೆ ಹೇಳಿದ್ರಾ?"

"ಇಲ್ಲ ಸಾರ್. ಹೇಳಿದ್ರೆ ಬಿಡ್ತಿರಲಿಲ್ಲ."

"ಅಂದ್ರೆ, ಮನೆಯಾಕೆ ಇಲ್ಲದ ಹೊತ್ತು ನೋಡಿ, ಬಾಡಿಗೆ ಗಾಡಿ ತಂದು, ಅವರು ಕೆಲಸ ಮಾಡ್ತಿದ್ದ ಮೆಷಿನ್ನನ್ನ ಎತ್ತಿಕೊಂಡು ಬಂದಿದ್ದೀರಿ. ಅದನ್ನ ನಿಮ್ಮ ಕೈಯಾರೆ ಬರೆದು ಸಹಿಯನ್ನೂ ಹಾಕಿದ್ದೀರಿ." ಮ್ಯಾನೇಜರು ಪುಸ್ತಕ ಮುಚ್ಚಿದರು. "ಇದಕ್ಕೆ ಏನಂತಾರ್ರೀ?"

"ಕಳ್ಳತನ!" ಎಂದಿತು ಸಾಲು, ಒಕ್ಕೊರಲಿನಿಂದ. ಎಲ್ಲರಿಗಿಂತ ಗಟ್ಟಿ ಧ್ವನಿ ಕೊಡೆ ಅಜ್ಜಿಯದು.

ಇಪ್ಪತ್ತೆರಡು ವರ್ಷದಲ್ಲಿ ಆ ಕೊಠಡಿಯ ಪುಸ್ತಕದಲ್ಲಿ ದಾಖಲಾದ ಮೊದಲ ಕಳ್ಳನ ಸಹಿ ಎಷ್ಟು ದುಂಡಗಿತ್ತು ಅಂದರೆ, ಅಲ್ಲಗಳೆಯಲು ಜಾಗವೇ ಇರಲಿಲ್ಲ.

ಮ್ಯಾನೇಜರು ಒಳ್ಳೆಯವರು. ದೂರು ಬರೆಯಲಿಲ್ಲ; ಒಂದೂವರೆ ದಿನದ ರಜೆ ಬರೆದರು. "ಎತ್ತಿಕೊಂಡು ಬಂದವರೇ ಮುಟ್ಟಿಸಿ. ನಾಳೆ ಐದರವರೆಗೆ ಇತ್ತ ಮುಖ ಹಾಕ್ಬೇಡಿ," ಎಂದರು. ಹೀಗೆ ಸಾಹೇಬರ ಮೆರವಣಿಗೆ ಹೊರಟಿತು. ಕೈಗಾಡಿಯ ಮೇಲೆ ಮೆಷಿನ್ನು, ಮೆಷಿನ್ನಿನ ಪಕ್ಕ ಮೊಣಕಾಲು ನೋವಿನ ಹಲ್ಸೆಟ್ ಅಜ್ಜ, ಮುಂದೆ ಬೀದಿಯಗಲ ನಡೆಯುವ ಹೆಂಡತಿ, ಹಿಂದೆ ಏದುಸಿರು ಬಿಡುತ್ತ ತಳ್ಳುವ ಸಾಹೇಬರು. ಅಂಗಡಿಯವರೆಲ್ಲ ಹೊರಗೆ ಬಂದು, "ಏನಜ್ಜ, ಎಲ್ಲಿಗೆ?" ಎನ್ನುವರು. ಅಜ್ಜ ಗಾಡಿಯ ಮೇಲಿನಿಂದ, "ಕಳುವಾದ ಮಾಲು ಸಿಕ್ತಪ್ಪ, ಕಳ್ಳನೇ ತಳ್ತಿದ್ದಾನೆ," ಎಂದು ಹಲ್ಲೆಲ್ಲ ಕಾಣುವಂತೆ ನಗುವರು.

ಅಂದು ಮಧ್ಯಾಹ್ನದಿಂದ ಮೆಷಿನ್ನು ಗಡಗಡ ಹೊರಟದ್ದು ನಿಲ್ಲಲಿಲ್ಲ. ಹೆಂಡತಿ ಹೊಲಿದಳು. ಅಜ್ಜ ಕೈಯಿರುವ ಕುರ್ಚಿಯಲ್ಲಿ ಕೂತು ಬೆರಳಿನಿಂದಲೇ ಹೊಲಿಗೆ ತಡವಿ, "ಇಲ್ಲಿ ಸಡಿಲ, ಬಿಚ್ಚಮ್ಮ," ಎಂದರು. ಸಾಹೇಬರಿಗೆ ನೆಲದ ಮೇಲೆ ಕೂತು ದಾರದ ತುದಿ ಕತ್ತರಿಸುವ ಕೆಲಸ. ಒಂದೆರಡು ಏಪ್ರನ್ನಿನ ಕಟ್ಟುವ ಲಾಡಿಯನ್ನೇ ಕತ್ತರಿಸಿ, "ನಿಮಗೆ ಇಲಾಖೆಯಲ್ಲಿ ಕತ್ತರಿ ಕೊಡದೇ ಇರೋದು ಪುಣ್ಯ," ಎಂದು ಅನ್ನಿಸಿಕೊಂಡರು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವರ ಕೈ ಪಳಗಿತು. ಮೂವತ್ತು ಆಯಿತು, ಮೂವತ್ತೈದು ಆಯಿತು. ನಾಲ್ಕೂ ಮುಕ್ಕಾಲಿಗೆ ಬೇಕರಿಯ ಗಾಡಿ ಬೀದಿಯ ತುದಿಯಲ್ಲಿ ಹಾರನ್ ಹಾಕಿದಾಗ ಮೂವತ್ತೊಂಬತ್ತು ಮಡಿಕೆಯಾಗಿ ಕೂತಿದ್ದವು. ನಲವತ್ತನೆಯದು ಸೂಜಿಯ ಕೆಳಗಿತ್ತು.

ಸಾಹೇಬರಿಗೆ ಎದೆ ತುಂಬಿ ಬಂದಿತ್ತು. ಹೆಂಡತಿಯ ಹಣೆಯ ಮೇಲೆ ಬೆವರು, ಮುಖದ ಮೇಲೆ ಸೋಮವಾರದ ಅದೇ ಬೆಳಕು. ಈ ಸಲ ಅವರು ನೋಡಿದರು. ಆದರೆ ಅನುಮಾನದ ಹುಳು ಅಷ್ಟು ಸುಲಭವಾಗಿ ಸಾಯುತ್ತದೆಯೇ? ಅದು ಈಗ ಸಿಹಿಯ ಕಡೆ ತೆವಳಿತು. ಬಕೆಟ್ಟು ಕೇಳಿದಳು, ಬಂತು. ಚಿಲಕ ಕೇಳಿದಳು, ಬಂತು. ಹಾಗಾದರೆ ಇಪ್ಪತ್ತನಾಲ್ಕು ವರ್ಷದ ಹಿಂದೆ, ಮದುವೆಗೆ ಮುಂಚೆ, ತವರುಮನೆಯ ಹಿತ್ತಲಿನಲ್ಲಿ ನಿಂತು...

"ಏನೇ," ಎಂದರು ಸಾಹೇಬರು, ಕತ್ತರಿ ಕೆಳಗಿಟ್ಟು, ಇಲಾಖೆಯ ದನಿಯನ್ನು ಆದಷ್ಟು ಮೃದು ಮಾಡಿ, "ಆಗ ನನ್ನನ್ನೂ ಹೀಗೇ ದೇವರ ಹತ್ರ ಕೂಗಿ ಕೇಳಿದ್ದೆಯಾ?"

ಆಕೆ ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿದಳು.

"ಇಲ್ಲ. ಆಗಲೂ ಹೊಲಿಗೆ ಮೆಷಿನ್ನೇ ಕೇಳಿದ್ದೆ."